ಹೊಂದಿದ ಸಂಖ್ಯೆ

“ಸರ್, ಒಂದು ಲೆಕ್ಕ ಸರಿಯಾಗಿದೆ ಎಂದು ಯಾವಾಗ ನಂಬಬೇಕು?” ಎಂದು ಶಾಲ್ಮಲಾ ಕೇಳಿದಳು.

ಕೂರಲು ಹೇಳಿದರೂ ಅವಳು ಕೂರಲಿಲ್ಲ. ಹೆಚ್ಚಿನ ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಟಂಗ್‌ಸ್ಟನ್ ಅಯಾನಿಗೆ ಹೊರಗಿನ ಎಲೆಕ್ಟ್ರಾನುಗಳು ಯಾವ ದರದಲ್ಲಿ ಡಿಕ್ಕಿ ಹೊಡೆಯುತ್ತವೆ ಎಂದು ಲೆಕ್ಕ ಹಾಕುವುದು ಅವಳ ನಾಲ್ಕು ವರ್ಷದ ಕೆಲಸ. ಕೊನೆಗೂ ಅವಳ ಸಂಖ್ಯೆ ಹಿಂದಿನವರು ಪ್ರಕಟಿಸಿದ್ದ ಸಂಖ್ಯೆಗೆ ಹೊಂದಿತ್ತು, ಪ್ರಬಂಧ ಮರುದಿನ ಪ್ರಕಟಣೆಗೆ ಹೋಗಬೇಕಿತ್ತು. ಆದರೂ ಒಳಗೆ ಏನೋ ಕೊರೆಯುತ್ತಿತ್ತು. ಏನೆಂದು ಅವಳಿಗೇ ತಿಳಿಯದು.

ಅವಳ ಗುರುಗಳಾದ ಪಂಪಣ್ಣನವರು ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಒಬ್ಬ ಸಂಶೋಧಕನಿದ್ದ. ಅವನದೂ ಇದೇ ಕೆಲಸ, ಅಯಾನು ಮಾತ್ರ ಕಬ್ಬಿಣದ್ದು. ಅವನಿಗೆ ಬಂದ ದರ ಹಿರಿಯರೊಬ್ಬರು ಲೆಕ್ಕ ಹಾಕಿಟ್ಟಿದ್ದ ಹಳೆಯ ಕೋಷ್ಟಕದಲ್ಲಿ ಇದ್ದದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಅವನಿಗೆ ಊಟ ರುಚಿಸಲಿಲ್ಲ. ಎಂಟು ತಿಂಗಳು ತನ್ನ ಪ್ರೋಗ್ರಾಮನ್ನು ಸಾಲುಸಾಲಾಗಿ ಜಾಲಾಡಿದ. ಒಂದು ತಪ್ಪು ಸಿಕ್ಕಿತು, ತಿದ್ದಿದ. ಇನ್ನೊಂದು ಸಿಕ್ಕಿತು, ಅದನ್ನೂ ತಿದ್ದಿದ. ಸಂಖ್ಯೆ ಇಳಿದು ಕೋಷ್ಟಕಕ್ಕೆ ಹೊಂದಿತು. ಅಂದೇ ಪ್ರಕಟಣೆಗೆ ಕಳಿಸಿದ.

ಅದೇ ಕಾಲಕ್ಕೆ ಪ್ರಯೋಗ ನಡೆಸುವ ಒಬ್ಬಾಕೆ ಅದೇ ಅಯಾನಿನ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ ದರವನ್ನು ಅಳೆದಳು. ಅವಳಿಗೆ ಹೆಚ್ಚು ಬಂತು. “ಇಬ್ಬರ ಲೆಕ್ಕವೂ ಒಂದೇ ಹೇಳುತ್ತಿದೆ, ದೋಷ ನಿನ್ನ ಉಪಕರಣದ್ದೇ” ಎಂದರು ಎಲ್ಲರೂ. ಅವಳು ಅದನ್ನು ಮೂರು ಸಲ ಬಿಚ್ಚಿ ಜೋಡಿಸಿದಳು. ಅಳತೆ ಬದಲಾಗಲಿಲ್ಲ. ನಾಲ್ಕನೆಯ ಸಲಕ್ಕೆ ಯಾರೂ ಅವಕಾಶ ಕೊಡಲಿಲ್ಲ. ಕೆಲಸ ಬಿಟ್ಟು ಹೋದಳು.

ಹನ್ನೊಂದು ವರ್ಷದ ಮೇಲೆ ಬೇರೊಂದು ಪ್ರಯೋಗಾಲಯದಲ್ಲೂ ಅವಳ ಸಂಖ್ಯೆಯೇ ಬಂತು. ಸಂಶೋಧಕ ಗಾಬರಿಯಿಂದ ಹಳೆಯ ಲೆಕ್ಕ ತೆಗೆದು ನೋಡಿದ. ಹೊರಗಿನ ಎಲೆಕ್ಟ್ರಾನಿನ ಶಕ್ತಿ ಕೆಲವು ನಿರ್ದಿಷ್ಟ ಮಟ್ಟಗಳಲ್ಲಿದ್ದಾಗ ಮಾತ್ರ, ಅದು ಕ್ಷಣಕಾಲ ಅಯಾನಿಗೆ ಸಿಕ್ಕಿಬೀಳುತ್ತದೆ. ಅಲ್ಲಿ ಡಿಕ್ಕಿಯ ಸಾಧ್ಯತೆ ಥಟ್ಟನೆ ಏರಿ ಥಟ್ಟನೆ ಇಳಿಯುತ್ತದೆ. ಆ ಏರುಗಳು ಸೂಜಿಯಷ್ಟು ಸಪೂರ. ಹಿರಿಯರೂ ಅವನೂ ಶಕ್ತಿಯನ್ನು ದೊಡ್ಡ ದೊಡ್ಡ ಹೆಜ್ಜೆಗಳಲ್ಲಿ ಏರಿಸುತ್ತ ಹೋಗಿ, ಅವನ್ನೆಲ್ಲ ದಾಟಿಬಿಟ್ಟಿದ್ದರು. ಇಬ್ಬರ ತಪ್ಪೂ ಒಂದೇ ಆದ್ದರಿಂದ ಇಬ್ಬರ ಸಂಖ್ಯೆಯೂ ಒಂದೇ ಆಗಿತ್ತು.

ಅವನು ಅವಳನ್ನು ಹುಡುಕಿಕೊಂಡು ಹೋದ. ಅವಳು ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು.

“ನಿಮ್ಮ ಅಳತೆ ಸರಿಯಿತ್ತು” ಎಂದ.

“ನಾನು ಮೂರು ಸಲ ಬಿಚ್ಚಿ ನೋಡಿದ್ದೆ” ಎಂದಳು ಆಕೆ. “ಹೊಂದಿದ ಮೇಲೆ ನೀವು ಎಷ್ಟು ಸಲ ನೋಡಿದಿರಿ?”

ಅವನು ಹಿಂದಿರುಗಿದ. ತನ್ನ ಲೆಕ್ಕ ತಪ್ಪೆಂದು ಪತ್ರಿಕೆಗೆ ಬರೆದ. ಪತ್ರಿಕೆ ಅದನ್ನು ಅಚ್ಚು ಹಾಕಿತು. ಅವಳು ಮಾತ್ರ ಪ್ರಯೋಗಾಲಯಕ್ಕೆ ಮರಳಲಿಲ್ಲ.

ಪಂಪಣ್ಣನವರು ಕಥೆ ಮುಗಿಸಿದರು. ಶಾಲ್ಮಲಾಗೆ ತಡೆಯಲಾಗಲಿಲ್ಲ.

“ಆದರೆ ಸರ್, ಅವನೇನೂ ಸೋಮಾರಿಯಲ್ಲವಲ್ಲ. ಎಂಟು ತಿಂಗಳು ಹುಡುಕಿದ್ದ.”

“ಹುಡುಕಿದ್ದ. ನಿನ್ನ ಸಂಖ್ಯೆ ಹೊಂದಿದ್ದು ಯಾವ ದಿನ, ನೀನು ಹುಡುಕುವುದನ್ನು ಬಿಟ್ಟದ್ದು ಯಾವ ದಿನ?”

ಶಾಲ್ಮಲಾ ಕುರ್ಚಿ ಎಳೆದು ಕೂತು, ತನ್ನ ಲೆಕ್ಕವನ್ನು ಮತ್ತೆ ತೆರೆದಳು.