ಗುಂಪು ಸೇರದ ಸರ್ವರ್

ರಕ್ತನಿಧಿಯ ಕಂಪ್ಯೂಟರ್ ಕೋಣೆಯಲ್ಲಿ ಪ್ರಯೋಗಕ್ಕೆಂದು ಒಂಟಿಯಾಗಿಟ್ಟಿದ್ದ ಸರ್ವರೊಂದು, ಗುಂಪಿನಲ್ಲಿ ದುಡಿಯುತ್ತಿದ್ದ ಹಿರಿಯ ಸರ್ವರ್‌ಗೆ ಹೇಳಿತು: "ನೀವು ಎಲ್ಲವನ್ನೂ ಜೊತೆಯವರಿಗೆ ತಿಳಿಸಿಯೇ ಮಾಡುತ್ತೀರಿ. ನಾನು ಒಬ್ಬನೇ ಮಾಡಿದರೂ ಒಮ್ಮೆಯೂ ತಪ್ಪಿಲ್ಲ."

"ನಿನ್ನನ್ನು ನಂಬಿ ಇನ್ನೂ ಯಾರೂ ಕಾದಿಲ್ಲ ತಮ್ಮ," ಎಂದಿತು ಹಿರಿಯ ಸರ್ವರ್.

ಎಂಜಿನಿಯರ್ ದಮಯಂತಿ ಒಂಟಿ ಸರ್ವರ್‌ಗೂ ಒಂದು ಆಸ್ಪತ್ರೆಯಿಂದ ಬರುವ ರಕ್ತದ ಕೋರಿಕೆಗಳ ಕೆಲಸ ವಹಿಸಿ, ಗುಂಪಿಗೆ ಸೇರಿಕೊಳ್ಳಲು ಹೇಳಿದರು. "ನಾನೊಬ್ಬನೇ ಸಾಕು" ಎಂದು ಅದು ಸೇರಲಿಲ್ಲ. ಮಧ್ಯಾಹ್ನ ಕೆಟ್ಟು ನಿಂತಿತು. ಬಾಣಂತಿಯೊಬ್ಬಳಿಗೆ ರಕ್ತ ಬೇಕೆಂಬ ಕೋರಿಕೆ ಅದರೊಳಗೇ ಉಳಿಯಿತು; ಅದರ ಪ್ರತಿ ಬೇರೆಲ್ಲೂ ಇಲ್ಲದ್ದರಿಂದ ಯಾರಿಗೂ ತಿಳಿಯಲಿಲ್ಲ. ಅವಳ ಗಂಡ ಓಡಿಬಂದು ಕೇಳಿದ ಮೇಲೆ ರಕ್ತ ಹೋಯಿತು. ಹೇಗೋ ಜೀವ ಉಳಿಯಿತು.

ದುರಸ್ತಿಯಾಗಿ ಎದ್ದ ಸರ್ವರ್, "ನಾಚಿಕೆಯಾಗುತ್ತಿದೆ, ಬೈದುಬಿಡಿ," ಎಂದಿತು ಹಿರಿಯ ಸರ್ವರ್‌ಗೆ.

"ಬೈಯಲು ಬಿಡುವಿಲ್ಲ," ಎಂದಿತು ಹಿರಿಯ ಸರ್ವರ್. "ಈಗ ಬಂದ ಕೋರಿಕೆಯ ಒಂದು ಪ್ರತಿ ನಿನ್ನಲ್ಲೂ ಇರಲಿ, ಹಿಡಿ."