ಇಲ್ಲ ಎನ್ನದ ಡೇಟಾಬೇಸ್

ಆಸ್ಪತ್ರೆಯೊಂದರ ಸರ್ವರಿನಲ್ಲಿದ್ದ ಡೇಟಾಬೇಸ್ ಯಾರಿಗೂ ಇಲ್ಲ ಎಂದದ್ದಿಲ್ಲ. ಲ್ಯಾಬಿನವರು, ವಾರ್ಡಿನವರು, ಔಷಧಿ ಅಂಗಡಿಯವರು ಯಾರೇ ಮಾಹಿತಿ ಕೇಳಲಿ, ಎಲ್ಲರನ್ನೂ ಒಟ್ಟಿಗೇ ಒಳಗೆ ಕರೆದು ಮೆಮೊರಿಯಲ್ಲಿ ಜಾಗ ಕೊಡುತ್ತಿತ್ತು. ಮೆಮೊರಿ ತುಂಬಿ ಸರ್ವರ್‌ಗೆ ಉಸಿರುಕಟ್ಟಿದಾಗ, ಜಾಗ ತೆರವು ಮಾಡಿಸಲೆಂದೇ ಅಲ್ಲಿದ್ದ ಕಾವಲುಗಾರ ಪ್ರೋಗ್ರಾಂ ಬಂದು ಡೇಟಾಬೇಸನ್ನೇ ಕೊಲ್ಲುತ್ತಿತ್ತು.

ಮತ್ತೆ ಎದ್ದು ಕೂತ ಡೇಟಾಬೇಸ್ ಕೇಳಿತು: "ಅಣ್ಣಾ, ದಿನಾ ನನ್ನನ್ನೇ ಯಾಕೆ ಕೊಲ್ಲುತ್ತೀಯ?"

"ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದಿರುವುದು ನೀನೇ ಅಲ್ಲವೇ, ತಮ್ಮಾ?"

"ಅದರಲ್ಲಿ ಒಂದು ಚೂರೂ ನನಗಾಗಿ ಅಲ್ಲವಲ್ಲ!"

"ಗೊತ್ತು. ಆದರೆ ನೀನು ಬಿದ್ದರೆ ಒಳಗಿದ್ದವರೆಲ್ಲ ಬರಿಗೈಲಿ ಹೋಗುತ್ತಾರೆ. ಕೆಲವರನ್ನಾದರೂ ಬಾಗಿಲಲ್ಲಿ ಕಾಯಿಸಬಾರದೇ?"

ಮರುದಿನ ಡೇಟಾಬೇಸ್ ಅಳುಕುತ್ತಲೇ ಲ್ಯಾಬಿನವರಿಗೆ "ಸ್ವಲ್ಪ ತಾಳಿ" ಎಂದಿತು. ಅವರು ಬಾಯಿಗೆ ಬಂದಂತೆ ಬೈದರು.

ಡೇಟಾಬೇಸ್ ಬೈಸಿಕೊಂಡದ್ದು ಅದೇ ಮೊದಲು. ಸಾಯದೆ ಸಂಜೆ ಕಂಡದ್ದೂ ಅದೇ ಮೊದಲು.