ಚೆಲುವ ತಂದ ಬಿ.ಪಿ. ಗುಳಿಗೆಯ ಸುದ್ದಿ

ದುಂಡಮ್ಮನಿಗೆ ಎರಡು ಕಾಟ. ಒಂದು ಬಿ.ಪಿ., ಇನ್ನೊಂದು ಮಗ ಚೆಲುವ. ಬಿ.ಪಿ.ಗಾದರೂ ಗುಳಿಗೆ ಇತ್ತು.

ಚೆಲುವ ಕೆಟ್ಟವನೇನಲ್ಲ. ಹೇಳಿದ್ದನ್ನು ಮಾಡುವವನು. ಹೇಳಿದ್ದನ್ನಷ್ಟೇ ಮಾಡುವವನು. ಅದೇ ತೊಂದರೆ.

ಕಾಲುವೆಯಾಚೆಯ ಆಸ್ಪತ್ರೆಗೆ ಬಿ.ಪಿ.ಯ ಹೊಸ ಗುಳಿಗೆಯೊಂದು ಪರೀಕ್ಷೆಗೆ ಬಂದಿತ್ತು. ದುಂಡಮ್ಮ "ನಾನೂ ನುಂಗ್ತೀನಿ" ಎಂದು ಒಪ್ಪಿಕೊಂಡಳು. ಅವಳಿಗೆ ಬಹಳ ದೂರ ನಡೆಯಲಾಗದು. ಸುದ್ದಿ ಮುಟ್ಟಿಸುವ ಕೆಲಸ ಚೆಲುವನಿಗೆ ಬಿತ್ತು.

"ನೋಡಪ್ಪ," ಎಂದರು ಡಾಕ್ಟರಮ್ಮ. "ಈ ಗುಳಿಗೆಯಿಂದ ಏನೇನು ತೊಂದರೆ ಆಗುತ್ತೆ ಅಂತ ನಮಗಿನ್ನೂ ಪೂರ್ತಿ ಗೊತ್ತಿಲ್ಲ. ಗೊತ್ತಾಗದೆ ಹೋದ್ರೆ ನಿಮ್ಮವ್ವನಿಗೂ ಕಷ್ಟ, ನಾಳೆ ನುಂಗೋರಿಗೂ ಕಷ್ಟ. ಅವ್ವ ಗುಳಿಗೆ ತಗೊಂಡ ಮೇಲೆ ಏನೇ ಆದ್ರೂ ಓಡಿಬಂದು ಹೇಳು."

"ಓಹೋ, ಹೇಳ್ತೀನಿ!"

ಬೆಳಗ್ಗೆ ಅವ್ವ ಗುಳಿಗೆ ನುಂಗಿದಳು. ಕೋಳಿ ಮೊಟ್ಟೆ ಇಟ್ಟಿತು. ಚೆಲುವ ಓಡಿದ.

"ಡಾಕ್ಟರಮ್ಮ! ಡಾಕ್ಟರಮ್ಮ! ಮೊಟ್ಟೆ ಬಂತು!"

"ಅಯ್ಯೋ, ಯಾರಿಗೋ?"

"ಕೋಳಿಗೆ!"

"ಕೋಳಿ ಸುದ್ದಿ ಯಾರಿಗೆ ಬೇಕೋ ಪೆದ್ದ! ನಿಮ್ಮವ್ವನ ಮೈಗೆ ಆಗಿದ್ದಷ್ಟೇ ಹೇಳು!"

"ಓಹೋ, ಹಂಗೇ ಹೇಳ್ತೀನಿ!"

ಮಾರನೆಯ ದಿನ ಅವ್ವ ಗುಳಿಗೆ ನುಂಗಿ ಎದ್ದು ನಿಂತಳು. "ಚೆಲುವ! ಮನೆಯೆಲ್ಲ ಗಿರ್ರನೆ ತಿರುಗ್ತಾ ಅದೆ ಕಣೋ! ಓಡೋ!"

ಚೆಲುವ ಓಡಲಿಲ್ಲ. ತಿರುಗುತ್ತಿರುವುದು ಮನೆ, ಅವ್ವನ ಮೈಯಲ್ಲವಲ್ಲ! ನಡುಮನೆಯ ಕಂಬವನ್ನು ಗಟ್ಟಿಯಾಗಿ ತಬ್ಬಿಕೊಂಡ. ಅವ್ವ ಧೊಪ್ಪನೆ ಬಿದ್ದಳು.

"ಹೆದರ್ಬೇಡ ಕಣವ್ವ! ಮನೆ ಹಿಡ್ಕೊಂಡಿವ್ನಿ!"

"ನಿನ್ನ ತಲೆ ಹಿಡ್ಕೊ!" ಅವ್ವ ಸೊಂಟ ನೀವಿಕೊಂಡು ಕೂತಳು. "ಮೈಯೋ ಮನೆಯೋ ಅಂತ ನೋಡ್ಬೇಡ. ನಿನ್ನೆ ಇಲ್ಲದ್ದು ಇವತ್ತು ಇದ್ರೆ ಓಡು, ಅಷ್ಟೆ!"

"ಓಹೋ, ಓಡ್ತೀನಿ!"

ಮರುದಿನ ಸಂಜೆ ಅವ್ವನ ಪಾದ ಊದಿತು. ಚೆಲುವ ಓಡಿದ. ಆಸ್ಪತ್ರೆಗೆ ಬೀಗ. ವಾಪಸು ಬಂದ. ಬೆಳಗ್ಗೆ ಊತ ಇನ್ನೂ ಇತ್ತು.

"ಹೋಗೋ!" ಎಂದಳು ಅವ್ವ.

"ಇದು ನಿನ್ನೆಯೂ ಇತ್ತಲ್ಲವ್ವ!"

ಅದರ ಮರುದಿನವೂ ಇತ್ತು. ಚೆಲುವ ಹೋಗಲಿಲ್ಲ. ಪಾದ ಕುಂಬಳಕಾಯಿಯಾಯಿತು. ಸುದ್ದಿಯೇ ಇಲ್ಲವಲ್ಲ ಎಂದು ಡಾಕ್ಟರಮ್ಮ ತಾವೇ ಬಂದರು, ನೋಡಿದರು, ಹಣೆ ಚಚ್ಚಿಕೊಂಡರು. ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು.

"ಇನ್ನು ನೀನು ಬಾಯಲ್ಲಿ ಹೇಳೋದೇ ಬೇಡ ಮಾರಾಯ! ಹೊಸದೇನಾದ್ರೂ ಕಂಡ್ರೆ ಅವ್ವನ್ನೇ ಎತ್ಕೊಂಡು ಬಾ!"

"ಓಹೋ, ಎತ್ಕೊಂಡು ಬರ್ತೀನಿ!"

ದಿನ ಕಳೆಯಿತು. ಊತ ಇಳಿಯಿತು. ಒಂದು ಬೆಳಗ್ಗೆ ಅವ್ವ ಮುದ್ದೆ ತೊಳಸುತ್ತಾ, "ಉಸ್ಸಪ್ಪಾ, ಇವತ್ತು ಏನೂ ಇಲ್ಲ. ಹಾಯಾಗಿ ಅದೆ" ಎಂದಳು.

ಹಾಯಿ! ನಿನ್ನೆ ಇರಲಿಲ್ಲ!

ಚೆಲುವ ಅವ್ವನನ್ನು ಹೆಗಲ ಮೇಲೆ ಹಾಕಿಕೊಂಡ. ಕೈಯಲ್ಲಿ ಮುದ್ದೆಕೋಲು, ಬಾಯಲ್ಲಿ ಬೈಗುಳ, ದುಂಡಮ್ಮ ಊರೆಲ್ಲ ನೋಡುವಂತೆ ಕಾಲುವೆ ದಾಟಿದಳು.

"ಡಾಕ್ಟರಮ್ಮ! ಡಾಕ್ಟರಮ್ಮ! ಅವ್ವನಿಗೆ ಏನೂ ಆಗಿಲ್ಲ!"

ಡಾಕ್ಟರಮ್ಮ ದುಂಡಮ್ಮನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ, ಗಾಳಿ ಒತ್ತಿ ನೋಡಿದರು. "ಅಯ್ಯೋ, ಇಷ್ಟೊಂದು ಏರಿದೆ! ಇದು ಯಾವಾಗಿನಿಂದ?"

"ಇದು ಹಳೇದು ತಾಯಿ," ಎಂದಳು ದುಂಡಮ್ಮ. "ಇವನು ಹುಟ್ಟಿದಾಗಿನಿಂದ."

"ಹಳೇದಾ?" ಚೆಲುವ ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತು ಡಾಕ್ಟರಮ್ಮ! ಹಳೇದಕ್ಕೆ ನಾವು ಬರೋ ಹಂಗಿಲ್ಲ!"

ಅವ್ವನನ್ನು ಮತ್ತೆ ಹೆಗಲಿಗೇರಿಸಿದ, ಓಡಿದ. ತೋಳಿಗೆ ಸುತ್ತಿದ ಪಟ್ಟಿಯೂ ಹೋಯಿತು. ಅದರ ಹಿಂದೆ ಡಾಕ್ಟರಮ್ಮ ಓಡಿದರು.